ಡಿಕ್ಕಿಯ ಮುಚ್ಚಳದ ಮೇಲೆ ಮೂಡಿದ ಚಾಪೆ

ಬ್ರೇಕು, ಕ್ಲಚ್ಚು, ವೈರಿಂಗುಗಳ ಕಥೆಯನ್ನು ಈ ಸಲ ಬಿಟ್ಟುಬಿಡುತ್ತೇನೆ. ನನ್ನ ಸ್ಯಾನ್ ಸ್ಟಾರ್ಮ್ ಕಾರು ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ, ಮಳೆ ಬಂದರೆ ಎಡಗಡೆ ಕುಳಿತವರು ಮಾತ್ರ ನೆನೆಯುತ್ತಾರೆ; ಅಷ್ಟಕ್ಕೆ ಆ ಅಧ್ಯಾಯ ಮುಗಿಯಿತು. ಕಳೆದ ಎರಡು ತಿಂಗಳನ್ನು ನುಂಗಿದ್ದು ಒಂದೇ ಪ್ರಶ್ನೆ. ಈ ಕಾರಿನ ಮಾಸಿದ ಕೆಂಪನ್ನು ತೆಗೆದು ಕಿನ್ನಾಳದ ಮರದ ಮೂರ್ತಿಗಳ ಮೇಲಿನ ಲಾಜವಾರದ (ತವರದ ಲೇಪದ) ಹೊಳಪನ್ನು ಕೊಡಬಹುದೇ, ಕೊಡಬಾರದೇ ಎಂಬುದು. ಹೋದ ವಾರದ ತನಕ ನನ್ನ ಉತ್ತರ ‘ಕೊಡಬಾರದು’ ಎಂದೇ ಇತ್ತು.

ಸ್ಯಾನ್ ಸ್ಟಾರ್ಮ್ ಹೆಸರನ್ನು ಕೇಳಿದವರು ಹಳೆಯ ಗಾಡಿಗಳ ಹುಚ್ಚಿನ ನಮ್ಮ ಪೈಕಿ ಬಹಳ ಮಂದಿ, ಕಣ್ಣಾರೆ ಕಂಡವರು ಕೆಲವರು. 1998ರಲ್ಲಿ ಹೊರಬಂದು ಗೋವಾದಲ್ಲಿ ತಯಾರಾದ, ರೆನೋ ಕಂಪನಿಯ 1149 ಸಿಸಿ ಎಂಜಿನ್ನಿನ, ಎರಡೇ ಸೀಟಿನ, ಮೈಯೆಲ್ಲ ಫೈಬರಿನ ಗಾಡಿ ಅದು. ಇದನ್ನು ಕ್ಲಾಸಿಕ್ ಎನ್ನಬಹುದೇ ಎಂದು ಮೂಗು ಮುರಿಯುವ ಗೆಳೆಯರಿದ್ದಾರೆ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪವೂ ಉಳಿದಿರಬೇಕು. ನನ್ನದು 2001ರದ್ದು. ಆ ಗೌರವ ಬರುವುದು 2051ಕ್ಕೆ. ಅಷ್ಟರಲ್ಲಿ ನನ್ನದೇ ಮೂಲ ರೂಪ ಉಳಿದಿರುವುದು ಅನುಮಾನ. ಆದ್ದರಿಂದ ಬಣ್ಣ ಬದಲಿಸಿದರೆ ಪರಂಪರೆಗೆ ಅಪಚಾರವಾಯಿತು ಎಂಬ ವಾದವನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಈ ಹುಚ್ಚು ಹತ್ತಿದ್ದು ಕಿನ್ನಾಳದಲ್ಲಿ. ಕೊಪ್ಪಳದಿಂದ ಗಾಡಿ ಚಾಲೂ ಮಾಡಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಬರುವ ಊರದು. ಅಲ್ಲಿನ ಚಿತ್ರಗಾರ ಮನೆತನದ ಹಿರಿಯರೊಬ್ಬರು ಹಳೆಯ ಗರುಡನ ಮೂರ್ತಿಯೊಂದನ್ನು ತೋರಿಸಿ, ಅದರ ರೆಕ್ಕೆಯಲ್ಲಿ ಹೊಳೆಯುವುದು ಚಿನ್ನವಲ್ಲವೆಂದೂ, ತವರದ ಲೇಪವನ್ನು ತಿಕ್ಕಿ ಬೆಳ್ಳಿಯ ಹೊಳಪು ಬರಿಸಿ ಅದರ ಮೇಲೆ ಹಳದಿ ಛಾಯೆಯ ವಾರ್ನಿಷನ್ನು ಎಳೆದದ್ದೆಂದೂ ವಿವರಿಸಿದರು. ನಾನು ನಿಂತಲ್ಲೇ ನಿಂತೆ. ಬೆಳ್ಳಿಯ ತಳ, ಮೇಲೆ ಪಾರದರ್ಶಕ ಬಣ್ಣ, ಬೆಳಕು ಒಳಗೆ ಹೊಕ್ಕು ತಳಕ್ಕೆ ತಾಗಿ ಬಣ್ಣ ಹೊತ್ತು ಮರಳುವುದು: ನಾವು ದುಬಾರಿ ಡಬ್ಬಿಗಳಲ್ಲಿ ಕೊಳ್ಳುವ ಕ್ಯಾಂಡಿ ಪೇಂಟಿನ ಗುಟ್ಟು ಇಷ್ಟೇ ತಾನೇ?

ಆದರೆ ಹಳದಿಯನ್ನು ಕಂಡು ಬಂದ ನಾನು ಹಳದಿಯನ್ನು ಆರಿಸಲಿಲ್ಲ. ತಲೆಯಲ್ಲಿ ಸಂಡೂರಿನ ಅದಿರಿನ ಕಡುಗೆಂಪು ಕೂತಿತ್ತು. ಪ್ರಯೋಗಕ್ಕೆ ಡಿಕ್ಕಿಯ ಮುಚ್ಚಳವನ್ನು ಬಿಚ್ಚಿ, ಹಳೆಯ ಬಣ್ಣವನ್ನು ಕೈಯಿಂದಲೇ ತಿಕ್ಕಿ ತೆಗೆದೆ (ಬಣ್ಣ ಕೀಳುವ ರಿಮೂವರ್ ಹಚ್ಚಿದರೆ ಅದು ಫೈಬರಿನ ನಾರನ್ನು ಹಿಡಿದಿಟ್ಟಿರುವ ರಾಳವನ್ನೂ ತಿನ್ನುತ್ತದೆ). ಮೈ ಸಮ ಮಾಡುವ ಸರ್ಫೇಸರ್, ಬೆಳ್ಳಿಯ ತಳ, ಐದು ಕೋಟು ಕೆಂಪು, ಮೇಲೆ ಬಣ್ಣವಿಲ್ಲದ ಹೊಳಪಿನ ಕ್ಲಿಯರ್ ಎರಡು ಕೋಟು ಆದವು.

ಮೊದಲ ಹೊಡೆತ ಬಿದ್ದದ್ದು ಬಣ್ಣವನ್ನು ತೆಳುವಾಗಿಸುವ ಥಿನ್ನರಿನಿಂದ. ನೆರಳಿನಲ್ಲೇ 38 ಡಿಗ್ರಿ ಇರುವಾಗ ನಿಧಾನವಾಗಿ ಆರುವ ಥಿನ್ನರ್ ಬೇಕೆಂದು ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಅಂಗಡಿಯವರು ಕಳಿಸಿದ್ದು ಬೇಗ ಆರುವ ಚಳಿಗಾಲದ್ದು. ಕೇಳಿದರೆ, “ಎಲ್ಲಾ ಒಂದೇ ಸರ, ಡಬ್ಬಿ ಅಷ್ಟೇ ಬ್ಯಾರೆ” ಎಂಬ ಉತ್ತರ. ಎಲ್ಲವೂ ಒಂದೇ ಆಗಿದ್ದರೆ ಎರಡು ದರ ಏಕೆ ಎಂಬುದಕ್ಕೆ ಅವರು ಫೋನನ್ನೇ ಇಟ್ಟುಬಿಟ್ಟರು. ಗನ್ನಿನಿಂದ ಹೊರಟ ಬಣ್ಣ ಮುಚ್ಚಳಕ್ಕೆ ತಲುಪುವ ಮೊದಲೇ ಅರ್ಧ ಆರಿ, ಪುಡಿಯಾಗಿ ಕೂತಿತು. ಮಾಮೂಲಿ ಬಣ್ಣವಾಗಿದ್ದರೆ ತಿಕ್ಕಿ ಪಾಲಿಶ್ ಮಾಡಿ ಮುಗಿಸಬಹುದಿತ್ತು. ಕ್ಯಾಂಡಿಯಲ್ಲಿ ಹಾಗಾಗದು, ಪ್ರತಿ ಕೋಟೂ ಬಣ್ಣವನ್ನು ಗಾಢವಾಗಿಸುವುದರಿಂದ, ಒಂದು ಎಳೆಯ ಮೇಲೆ ಇನ್ನೊಂದು ಎಳೆ ಎಲ್ಲೆಲ್ಲಿ ಹೆಚ್ಚು ಹಾಯ್ದಿದೆಯೋ ಅಲ್ಲೆಲ್ಲ ಪಟ್ಟೆ ಬಿದ್ದು ಕಾಣುತ್ತದೆ. ನನ್ನ ಮುಚ್ಚಳದ ಮೇಲೆ ಹುಲಿ ಮಲಗಿತ್ತು.

ಥಿನ್ನರ್ ಬದಲಿಸಿ, ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹಾಯುವುದನ್ನು ಅರ್ಧದಿಂದ ಮುಕ್ಕಾಲಿಗೆ ಏರಿಸಿ, ಎರಡನೆಯ ಸಲ ಹೊಡೆದಾಗ ಹುಲಿ ಹೋಯಿತು. ಮುಚ್ಚಳವನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಸಂಜೆ ಗೆಳೆಯರಿಗೆ ಫೋಟೋ ಕಳಿಸಿ, ನಾಲ್ಕು ದಿನ ಹಿಗ್ಗಿದೆ.

ಐದನೆಯ ದಿನ ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ, ಮುಚ್ಚಳದ ಬಲಮೂಲೆಯಲ್ಲಿ ಚಾಪೆಯ ಮೇಲೆ ಮಲಗಿ ಎದ್ದವರ ಬೆನ್ನಿನಂತೆ ಒಂದು ನೇಯ್ಗೆ ಮೂಡಿತ್ತು. ಬಣ್ಣ ಎದ್ದಿರಲಿಲ್ಲ, ಬಿರುಕೂ ಇರಲಿಲ್ಲ. ಒಳಗಿನ ಗಾಜಿನ ನಾರು ತನ್ನ ಅಚ್ಚನ್ನು ಹೊರಗೆ ಒತ್ತಿತ್ತು. ಆ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ದೀಪಾವಳಿಯ ಸುಮಾರಿಗೆ ಒಡೆದಿದ್ದ ಮೂಲೆಗೆ ನಾನೇ ಹೊಸ ನಾರು, ಹೊಸ ರಾಳ ಕೂರಿಸಿದ್ದೆ. ಇಪ್ಪತ್ತೈದು ಬೇಸಿಗೆ ಕಂಡ ಹಳೆಯ ಫೈಬರ್ ಕದಲಿರಲಿಲ್ಲ. ಆರು ತಿಂಗಳ ನನ್ನ ತೇಪೆಯೇ ಮನೆಯ ಗುಟ್ಟನ್ನು ಬೀದಿಗೆ ಹಾಕಿತ್ತು.

ಕಾರಣ ಸರಳ, ಪರಿಹಾರ ಸರಳವಲ್ಲ. ಪಾಲಿಯೆಸ್ಟರ್ ರಾಳ ಮುಟ್ಟಿದರೆ ಗಟ್ಟಿ ಎನಿಸಿದ ಮೇಲೂ ಒಳಗೊಳಗೆ ಬೆಸೆದು ಕೂಡಿಕೊಳ್ಳುತ್ತಲೇ ಇರುತ್ತದೆ, ಕಾವು ಸಿಕ್ಕರೆ ಬೇಗ. ಕೂಡಿಕೊಂಡಂತೆ ರಾಳ ಕುಗ್ಗುತ್ತದೆ, ನಾರು ಕುಗ್ಗುವುದಿಲ್ಲ. ಆಗ ನಾರಿನ ಎಳೆಗಳು ಎದ್ದು ಕಾಣುತ್ತವೆ. ಗಾಢ ಬಣ್ಣ ಈ ಅನ್ಯಾಯವನ್ನು ಎರಡು ಬಗೆಯಲ್ಲಿ ಹೆಚ್ಚಿಸುತ್ತದೆ: ಬಿಸಿಲನ್ನು ಹೀರಿ ಕಾವು ಏರಿಸುತ್ತದೆ, ಜೊತೆಗೆ ತನ್ನ ಕನ್ನಡಿಯಂಥ ಹೊಳಪಿನಲ್ಲಿ ಕೂದಲೆಳೆಯಷ್ಟು ಏರುತಗ್ಗನ್ನೂ ಸಾರಿ ಹೇಳುತ್ತದೆ. ಮಧ್ಯಾಹ್ನ ಗಾಳಿಯಲ್ಲಿ 41 ಡಿಗ್ರಿ ಇದ್ದಾಗ ಮುಟ್ಟದೆ ಕಾವು ಅಳೆಯುವ ನನ್ನ ಅಗ್ಗದ ಥರ್ಮಾಮೀಟರಿನಲ್ಲಿ ಕೆಂಪು ಮುಚ್ಚಳ 72 ತೋರಿತು, ಪಕ್ಕದಲ್ಲಿಟ್ಟ ಬಿಳಿಯ ತುಂಡು 51. (ಬರಿಯ ಲೋಹಕ್ಕೆ ಹಿಡಿದರೆ ಈ ಯಂತ್ರ ಸುಳ್ಳಾಡುತ್ತದೆ; ಕ್ಲಿಯರ್ ಕೋಟಿನ ಮೇಲೆ ನಂಬಬಹುದು.) ಸಾಮಾನ್ಯ ರಾಳ ಬಿಗಿ ಸಡಿಲಿಸತೊಡಗುವುದು 60-70ರ ಆಸುಪಾಸಿನಲ್ಲಿ. ಅಂದರೆ ನನ್ನ ಅದಿರಿನ ಕೆಂಪು ಕಾರಿನ ಮೈಯನ್ನು ದಿನವೂ ಹೆಂಚಿನ ಮೇಲೆ ಇಡುತ್ತಿತ್ತು.

ನಮ್ಮ ಪೇಂಟಿಂಗ್ ಮೇಸ್ತ್ರಿ ಇದನ್ನು ಮೊದಲೇ ಒಂದೇ ಮಾತಿನಲ್ಲಿ ಹೇಳಿದ್ದರು: “ಸರ, ತೇರು ವರ್ಷಕ್ಕೊಮ್ಮೆ ಬಿಸಿಲಿಗೆ ಬರ್ತೈತ್ರಿ, ನಿಮ್ಮ ಗಾಡಿ ದಿನಾ ನಿಂತಿರ್ತೈತಿ.” ಕೊಪ್ಪಳದ ಗವಿಮಠದ ಜಾತ್ರೆಯ ತೇರು ಬರುವುದೂ ಚಳಿಗಾಲದಲ್ಲಿ ಎಂಬುದು ನನಗೆ ಆಮೇಲೆ ಹೊಳೆಯಿತು.

ಈ ಹತಾಶೆಯಲ್ಲಿ ಒಂದು ವಾರ ಗ್ಯಾರೇಜಿನ ಮೂಲೆಯ ಯೆಜ್ಡಿ ಬೈಕಿನ ಕಡೆ ತಿರುಗಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ಮುಂಚಿನ ರೋಡ್‌ಕಿಂಗ್ ಅದು. ಟ್ಯಾಂಕು ಉಕ್ಕಿನದು, ನಾರಿಲ್ಲ, ನೇಯ್ಗೆಯಿಲ್ಲ, ಎಷ್ಟು ಗಾಢ ಬಣ್ಣವನ್ನಾದರೂ ತಡೆಯುತ್ತದೆ. ಅದಿರಿನ ಕೆಂಪು ಅಲ್ಲಿಗೇ ಹೋಗಲಿದೆ, ಟ್ಯಾಂಕಿನ ಒಳಗಿನ ತುಕ್ಕನ್ನು ತೊಳೆದ ಮೇಲೆ. ತುಕ್ಕೂ ಅದಿರಿನ ಬಣ್ಣದ್ದೇ ಆದ್ದರಿಂದ ಒಳಗೂ ಹೊರಗೂ ಹೊಂದುತ್ತದೆ ಎಂದು ಮಗಳು ಅಂದಳು. ಆ ಕಥೆ ಇನ್ನೊಮ್ಮೆ.

ಮತ್ತೆ ಮುಚ್ಚಳಕ್ಕೆ. ಬಿಸಿಲು ಹೇಗೂ ಬಿಡುವುದಿಲ್ಲ. ಅದನ್ನೇ ಒಲೆಯಾಗಿಸಿಕೊಂಡರೆ ಹೇಗೆ? ಕುಗ್ಗುವಷ್ಟು ರಾಳ ಬಣ್ಣಕ್ಕೆ ಮೊದಲೇ ಕುಗ್ಗಿಬಿಡಲಿ ಎಂದುಕೊಂಡು ಎಲ್ಲವನ್ನೂ ತಿಕ್ಕಿ ಇಳಿಸಿ, ಸರ್ಫೇಸರಿನ ಮೇಲೆ ಅಗ್ಗದ ಮಂಕು ಕಪ್ಪನ್ನು ಎರಚಿ, ಕಾವಿಗೆ ಮೈ ಬಾಗದಂತೆ ಮರದ ಚೌಕಟ್ಟಿಗೆ ಬೋಲ್ಟು ಬಿಗಿದು ಮಾಳಿಗೆಯಲ್ಲಿ ಹನ್ನೆರಡು ದಿನ ಬೇಯಿಸಿದೆ. ಕಪ್ಪು 77ರ ತನಕ ಏರಿತು. ಚಾಪೆ ಬೇಕಾದಷ್ಟು ಮೂಡಿತು. ಉದ್ದ ಮರದ ತುಂಡಿಗೆ 320ರ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಸುತ್ತಿ ನೆಲಸಮ ಮಾಡಿ, ಮತ್ತೆ ಕಪ್ಪು ಹೊಡೆದು, ಮತ್ತೆ ಹತ್ತು ದಿನ ಇಟ್ಟೆ. ಎರಡನೆಯ ಸಲ ಬೆಳಗಿನ ಓರೆ ಬೆಳಕಿನಲ್ಲಿ ಕನ್ನಡಕ ಹಾಕಿಕೊಂಡು ಹುಡುಕಿದರೂ ನೇಯ್ಗೆ ಸಿಗಲಿಲ್ಲ.

ಆಗ ಬುದ್ಧಿ ಬಂತು. ಕಿನ್ನಾಳದವರು ಆರಿಸಿದ ಹಳದಿಯನ್ನು ನಾನು ಏಕೆ ಬಿಟ್ಟೆ? ಬೆಳ್ಳಿಯ ತಳದ ಮೇಲೆ ಜೇನಿನ ಛಾಯೆಯ ಎರಡೇ ಕೋಟು ಹೊಡೆದೆ. ಕೋಟು ಕಡಿಮೆಯಾದ್ದರಿಂದ ಹುಲಿಪಟ್ಟೆಯ ಭಯವೂ ಕಡಿಮೆ. ತಳದ ಬೆಳ್ಳಿ ಬಿಸಿಲನ್ನು ತಿರುಗಿಸಿ ಕಳಿಸುವುದರಿಂದ ಅದೇ ಮಧ್ಯಾಹ್ನದ ಕಾವಿಗೆ ಮುಚ್ಚಳ 58ರಲ್ಲಿ ನಿಂತಿತು. ನೆರಳಿನಲ್ಲಿ ಹಳೆಯ ಹಿತ್ತಾಳೆಯಂತೆ, ಬಿಸಿಲಿಗೆ ಬಂದರೆ ಆ ಗರುಡನ ರೆಕ್ಕೆಯಂತೆ ಕಾಣುತ್ತದೆ. ಬಿಸಿಲಿಗೆ ಬೇಗ ಮಾಸುವ ಡೈ (ಕರಗುವ ಬಣ್ಣ) ಬಿಟ್ಟು ಪಿಗ್ಮೆಂಟಿನ (ನುಣ್ಣನೆಯ ಬಣ್ಣದ ಪುಡಿಯ) ಛಾಯೆಯನ್ನೇ ತರಿಸಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ.

ಆದ್ದರಿಂದ ತೀರ್ಮಾನ ಹೀಗೆ: ಕೆಂಪು ರದ್ದು, ಚಿನ್ನ ಉಂಟು, ಆದರೆ ಷರತ್ತಿನ ಮೇಲೆ. ಕ್ಯಾಂಡಿಯಲ್ಲಿ ಒಂದು ಗೀರು ಬಿದ್ದರೆ ತೇಪೆಯ ಛಾಯೆ ಹೊಂದುವುದಿಲ್ಲ, ಇಡೀ ಪಕ್ಕವನ್ನೇ ಮತ್ತೆ ಹೊಡೆಯಬೇಕು. ಜವಾಹರ ರಸ್ತೆಯ ಸಂಜೆಯ ಬೈಕುಗಳಿಗೆ ಇದನ್ನು ತಿಳಿಸಿ ಹೇಳುವವರಾರು? ಹಾಗಾಗಿ ಬಾಗಿಲಿನ ನಡುಗೆರೆಯಿಂದ ಕೆಳಗೆ ಮಾಮೂಲಿ ಕಪ್ಪು ಬರಲಿದೆ. ಕಲ್ಲು, ಹ್ಯಾಂಡಲ್, ಚಪ್ಪಲಿ ಏನು ತಾಗಿದರೂ ಅಲ್ಲಿ ಸುಲಭವಾಗಿ ತಿದ್ದಬಹುದು. ಬಣ್ಣ ಬದಲಾದರೆ ಆರ್.ಸಿ.ಯಲ್ಲಿಯೂ ಬದಲಾಗಬೇಕು. ಚಿನ್ನ ಮತ್ತು ಕಪ್ಪು ಎಂದ ಕೂಡಲೇ ಏಜೆಂಟ್ ಹುಡುಗ, “ಟ್ಯಾಕ್ಸಿ ಮಾಡ್ತೀರೇನ್ರಿ ಸರ?” ಎಂದು ಕೇಳಿದ. ಎರಡೇ ಸೀಟು, ಒಂದು ನನ್ನದು, ಇನ್ನೊಂದು ಮಳೆಯಲ್ಲಿ ನೆನೆಯುವುದು.

ಮುಚ್ಚಳ ರೋಹಿಣಿ ಮಳೆಯ ತನಕ ಮಾಳಿಗೆಯ ಮೇಲೆಯೇ ಇರುತ್ತದೆ. ನೇಯ್ಗೆ ಮತ್ತೆ ಇಣುಕದಿದ್ದರೆ ಬಾನೆಟ್ಟಿಗೆ ಕೈ ಹಚ್ಚುತ್ತೇನೆ. ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಗಾಳಿ ಬೀಸಿದ ದಿನ ಅದರ ಮೇಲೆ ಕೂರುವ ಕರಿ ಧೂಳನ್ನು ಒಣಬಟ್ಟೆಯಿಂದ ಒರೆಸದೆ ನೀರು ಸುರಿದು ತೊಳೆಯುತ್ತಿದ್ದೇನೆ. ಇಂದು ಸಂಜೆ ಮೇಲೆ ಹೋದರೆ ಪಕ್ಕದ ಮನೆಯ ಅಮ್ಮ ಅದರ ಮೇಲೆ ಸಾಲಾಗಿ ಅಕ್ಕಿ ಹಪ್ಪಳ ಹಾಕಿದ್ದರು. “ಇದರ ಮ್ಯಾಲೆ ಲಗೂನ ಒಣಗ್ತಾವ ನೋಡಪಾ” ಎಂದರು. ಹನ್ನೊಂದು ಹಪ್ಪಳ ಸಲೀಸಾಗಿ ಎದ್ದವು, ಒದ್ದೆ ಬಟ್ಟೆಗೆ ಅವುಗಳ ಗುರುತೂ ಹೋಯಿತು. ಹನ್ನೆರಡನೆಯದರ ಉಂಗುರ ಮಾತ್ರ ಉಳಿದಿದೆ. ನಾಳೆ 2000ದ ಪೇಪರಿನಿಂದ ತಿಕ್ಕಿ ನೋಡಬೇಕು.