ಭಾವನ ಎಂಜಿಬಿಗೆ ಜಾಕ್ ಕೊಟ್ಟಿದ್ದು

ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋದರೆ ಕಾಫಿಗೂ ಮೊದಲು ಕೊಟ್ಟಿಗೆ ಪಕ್ಕದ ಶೆಡ್ಡಿಗೆ ಇಣುಕುವುದು ನನ್ನ ಚಾಳಿ. ಅಲ್ಲಿ ಭಾವನ ಹಳೇ ಎಂಜಿಬಿ ಇದೆ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಹೆಚ್ಚುಕಮ್ಮಿ ಒಂದು ಟನ್ ತೂಕ. ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣೂ ಇಲ್ಲ. ಭಾವ ಅದನ್ನು ದಿನಾ ಒರೆಸುತ್ತಾರೆ, ವರ್ಷಕ್ಕೆ ನಾಲ್ಕು ಸಲ ಓಡಿಸುತ್ತಾರೆ.

ಕಳೆದ ದೀಪಾವಳಿಗೆ ಹೋದಾಗ ಹಿಂದಿನ ಎಡ ಚಕ್ರದಿಂದ ಬ್ರೇಕ್ ಆಯಿಲ್ ಸೋರುತ್ತಿತ್ತು. ನಾನು ಶಿವಮೊಗ್ಗದಲ್ಲಿ ಆಗಷ್ಟೇ ಟ್ರಾಲಿ ಜಾಕ್, ಅಂದರೆ ಕಾರು ಎತ್ತುವ ಗಾಲಿ ಇರುವ ಜಾಕ್ ಕೊಂಡಿದ್ದೆ, ಕೈ ತುರಿಸುತ್ತಿತ್ತು. ಎತ್ತಿದ ಕಾರಿಗೆ ಆಸರೆಯಾಗುವ ಸ್ಟ್ಯಾಂಡ್ ಕೊಂಡಿರಲಿಲ್ಲ. ದುಡ್ಡು ದಂಡ ಅನ್ನಿಸಿತ್ತು.

ಕಾರನ್ನು ಮಣ್ಣಿನ ಅಂಗಳಕ್ಕೆ ತಳ್ಳಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲ ಕೆಳಗಿನ ಪಟ್ಟಿಗೆ ಜಾಕ್ ಕೊಟ್ಟೆ. ನನ್ನ ಮಾರುತಿಗೆ ಹಾಗೇ ಕೊಡೋದಲ್ವಾ? ನಾಲ್ಕು ಸಲ ಒತ್ತಿದೆ. ಕಾರು ಏಳಲಿಲ್ಲ, ಹಪ್ಪಳ ಮುರಿದ ಹಾಗೆ ಸದ್ದು ಬಂತು. ಜಾಕಿನ ತಲೆ ತಗಡಿನೊಳಗೆ ಹೋಗಿ ಕೂತಿತ್ತು. ಇಳಿಸಿದರೆ ತುಕ್ಕಿನ ಪುಡಿ, ಕೆಂಪು ಮಣ್ಣು, ಒಂದಿಷ್ಟು ಸತ್ತ ಇರುವೆ ಉದುರಿದವು. ಈ ಕಾರಿಗೆ ಅಡಿಯಲ್ಲಿ ಭಾರ ಹೊರುವ ಬೇರೆ ಚೌಕಟ್ಟು (ಚಾಸಿಸ್) ಇಲ್ಲ. ಬಾಡಿಯೇ ಭಾರ ಹೊರಬೇಕು, ಅದರಲ್ಲೂ ಈ ಪಟ್ಟಿ. ನಮ್ಮ ಮಳೆಗಾಲಗಳು ಅದನ್ನು ಒಳಗಿಂದಲೇ ತಿಂದು ಮುಗಿಸಿದ್ದವು. ಮೇಲೆ ಬಣ್ಣ ಮಾತ್ರ ಫಳಫಳ. ಭಾವ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಹಿಂದಿನಿಂದ ಹೋದೆ. ಹಿಂದಿನ ಎರಡೂ ಚಕ್ರದ ನಡುವಿನ ಆಕ್ಸಲ್‌ನ ಮಧ್ಯದಲ್ಲಿ ಗೇರುಗಳಿರುವ ಡಿಫರೆನ್ಷಿಯಲ್ ಬುರುಡೆಗೆ ಜಾಕ್ ಕೊಟ್ಟು ಎತ್ತಿದೆ. ಹಿಂದಿನ ಎರಡೂ ಚಕ್ರ ನೆಲ ಬಿಟ್ಟವು. ಇಡೀ ಕಾರು ಮೆಲ್ಲಗೆ ನನ್ನ ಕಡೆಗೇ ಬರತೊಡಗಿತು! ಅಂಗಳದ ಇಳಿಜಾರು ತೋಟದ ಕಡೆಗೆ, ನಾನು ಕೂತಿದ್ದೂ ಅದೇ ಕಡೆಗೆ. ಭಾವ ಕಾಲಬುಡದಲ್ಲಿದ್ದ ತೆಂಗಿನಕಾಯಿಯನ್ನೇ ಮುಂದಿನ ಚಕ್ರದ ಹಿಂದೆ ಒದ್ದು ನಿಲ್ಲಿಸಿದರು. "ಎಂತ ಮಾಡ್ತಿದೀಯ ಮಾರಾಯ!"

ಪೇಟೆಯಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಸ್ಕೂಟರಿಗೆ ಎರಡು ಕಬ್ಬಿಣದ ಸ್ಟ್ಯಾಂಡ್ ಕಟ್ಟಿಕೊಂಡು ಬಂದರು.

"ಹ್ಯಾಂಡ್‌ಬ್ರೇಕ್ ಹಿಡಿಯೋದು ಯಾವ ಚಕ್ರಾನ ಸ್ವಾಮಿ?"

"ಹಿಂದಿಂದು."

"ಗೇರು?"

"ಅದೂ ಹಿಂದಿಂದೇ."

"ಅವೆರಡನ್ನೂ ಗಾಳಿಗೆ ಎತ್ತಿದ್ರಲ್ಲ, ಮುಂದಿಂದನ್ನ ಯಾರು ಹಿಡ್ಕೋಬೇಕು?"

ಆಮೇಲೆ ಮಣ್ಣಿನಲ್ಲಿ ಹೂತ ಜಾಕ್ ತೋರಿಸಿದರು. ಜಾಕಿನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಕಮಾನಿನ ಹಾಗೆ ಏಳುತ್ತದೆ. ಎತ್ತುತ್ತಾ ಹೋದಂತೆ ಜಾಕ್ ತಾನೇ ಕಾರಿನಡಿಗೆ ಸರಿದುಕೊಳ್ಳಬೇಕು. ಅದಕ್ಕೆ ಗಾಲಿ ಇಟ್ಟಿರುವುದೇ ಅದಕ್ಕೆ. ಗಾಲಿ ಹೂತರೆ ಕಾರನ್ನೇ ತನ್ನ ಕಡೆ ಎಳೆಯುತ್ತದೆ, ಇಲ್ಲವೇ ಜಾರುತ್ತದೆ. ಸುಮ್ನೆ ಜಾಕನ್ನು ಅತ್ತಿತ್ತ ಎಳೆದೊಯ್ಯಲಿಕ್ಕೆ ಅನುಕೂಲ ಅಂತ ಗಾಲಿ ಇದೆ ಅಂದುಕೊಂಡಿದ್ದೆ ನಾನು!

"ಸಿಮೆಂಟ್ ನೆಲ ಬೇಕು" ಅಂದರು. ಮನೆಯಲ್ಲಿ ಇದ್ದದ್ದು ಒಂದೇ ಸಿಮೆಂಟ್ ನೆಲ, ಅಕ್ಕ ಬೇಯಿಸಿದ ಅಡಿಕೆ ಹರವಿದ್ದ ಕಣ. ಅಕ್ಕ ಗೊಣಗುತ್ತಲೇ ಒಂದು ಮೂಲೆ ಬಿಡಿಸಿಕೊಟ್ಟಳು.

ನೆಲದ ಮೇಲಿದ್ದಾಗಲೇ ಚಕ್ರದ ನಟ್ ಸಡಿಲ ಮಾಡಿದರು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಕಬ್ಬಿಣಕ್ಕೆ ಕಬ್ಬಿಣ ಜಾರದಿರಲಿ ಅಂತ ಜಾಕಿನ ತಲೆಗೆ ಮರದ ತುಂಡು. ಈಗ ಪ್ರತಿ ಒತ್ತಿಗೂ ಜಾಕ್ ಕೂದಲೆಳೆಯಷ್ಟು ಮುಂದೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು. ನಾನು ಆಸರೆಗೆ ಅಂತ ಜಂಬಿಟ್ಟಿಗೆ ಕಲ್ಲು ತಂದರೆ, "ಇದು ಗೋಡೆಗೆ ಸರಿ, ಒಡೆದು ಹೋಗ್ತದೆ" ಅಂತ ಪಕ್ಕಕ್ಕಿಟ್ಟರು. ಆಕ್ಸಲ್‌ನ ಎರಡೂ ಕೊಳವೆಯ ಕೆಳಗೆ ಸ್ಟ್ಯಾಂಡ್ ಇಟ್ಟು, ಜಾಕಿನ ಹಿಡಿಯನ್ನು ತೀರಾ ನಿಧಾನ ತಿರುಗಿಸಿ ಭಾರ ಇಳಿಸಿದರು. ಆಮೇಲೆ ಕಾರನ್ನು ಎರಡೂ ಕೈಯಲ್ಲಿ ಜೋರಾಗಿ ಅಲುಗಾಡಿಸಿದರು. ಬೀಳುವುದಾದರೆ ಈಗಲೇ ಬೀಳಲಿ ಅನ್ನುವ ಹಾಗೆ. ಜಾಕಿನೊಳಗೆ ಎಣ್ಣೆ ಸೋರದಂತೆ ತಡೆಯುವ ಸೀಲ್ ಸೋತರೆ ಅದು ಹೇಳದೆ ಕೇಳದೆ ಇಳಿದುಬಿಡುತ್ತದಂತೆ.

ಬ್ರೇಕ್ ಡ್ರಮ್ ಬಿಚ್ಚಿದರೆ, ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಕೆಟ್ಟಿತ್ತು. ಆ ಪಾರ್ಟು ಇಲ್ಲಿ ಎಲ್ಲಿ ಸಿಗಬೇಕು? ತರಿಸಬೇಕು. ನಾನು ಶಿವಮೊಗ್ಗಕ್ಕೆ ವಾಪಸ್ ಬಂದೆ. ಕಾರು ಕಣದಲ್ಲಿ ಸ್ಟ್ಯಾಂಡಿನ ಮೇಲೇ ಉಳಿಯಿತು. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು: "ನಿಮ್ಮ ಕಾರು ಯಾವಾಗ ಇಳಿಯತ್ತೋ? ನನ್ನ ಅಡಿಕೆ ಎಲ್ಲಿ ಒಣಗಿಸ್ಲಿ?"