ವಿಜ್ಞಾನ ಪದವಿಗೆ ಇಂಗ್ಲೆಂಡೋ ಅಮೆರಿಕವೋ?

ಪಿಯುಸಿ ಓದುವ ಮಕ್ಕಳಿರುವ ನೆಂಟರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಒಂದೇ: ಯಾವ ವಿಷಯ ಓದಬೇಕೆಂದು ಮಗುವಿಗೆ ನಿಶ್ಚಯವಾಗಿದೆಯೇ? ರ‍್ಯಾಂಕಿಂಗ್ ಪಟ್ಟಿಗಳನ್ನು ಆಮೇಲೆ ನೋಡಿದರಾಯಿತು.

ನಾವಿರುವುದು ಮ್ಯಾಂಚೆಸ್ಟರಿನಲ್ಲಿ. ಮಗಳು ರಸಾಯನ ವಿಜ್ಞಾನ ಓದುತ್ತಿದ್ದಾಳೆ. ಈ ದೇಶದಲ್ಲಿ ವಿಷಯವನ್ನು ಗೊತ್ತುಮಾಡಿಕೊಂಡೇ ಅರ್ಜಿ ಹಾಕಬೇಕು. ಯೂಕ್ಯಾಸ್ ಎಂಬ ಒಂದೇ ಅರ್ಜಿಯಲ್ಲಿ ಐದು ಆಯ್ಕೆಗಳಿರುತ್ತವೆ; ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ. ಸೇರಿದ ಮೇಲೆ ಮೂರು ವರ್ಷವೂ ಬಹುಮಟ್ಟಿಗೆ ಅದೇ ವಿಷಯ. ಮಗಳು ಮೊದಲ ವರ್ಷವೇ ಪ್ರಯೋಗಾಲಯದಲ್ಲಿ ಆಸ್ಪಿರಿನ್ ತಯಾರಿಸಿದಳು. ಅದು ಕರಗುವ ಬಿಂದು 135 ಡಿಗ್ರಿಯ ಹತ್ತಿರ ಬಾರದಿದ್ದರೆ ಶುದ್ಧವಾಗಿಲ್ಲವೆಂದೇ ಅರ್ಥ. ಮತ್ತೆ ಕರಗಿಸಿ ಹರಳುಗಟ್ಟಿಸಬೇಕು. ಒಂದಿಡೀ ಮಧ್ಯಾಹ್ನ ಅದರಲ್ಲೇ ಕಳೆದು, ಕೈಗೆಲ್ಲ ವಿನೆಗರ್ ವಾಸನೆ ಹತ್ತಿಸಿಕೊಂಡು ಖುಷಿಯಿಂದ ಮನೆಗೆ ಬಂದಳು. ಇಂಥ ಮಗುವಿಗೆ ಇಂಗ್ಲೆಂಡ್ ಹೇಳಿ ಮಾಡಿಸಿದ ಜಾಗ.

ನನ್ನ ತಂಗಿಯ ಮಗನ ಕಥೆಯೇ ಬೇರೆ. ಭೌತವಿಜ್ಞಾನವೆಂದುಕೊಂಡು ಮಿಷಿಗನ್ನಿಗೆ ಹೋದ. ಅಮೆರಿಕದ ನಾಲ್ಕು ವರ್ಷದ ಪದವಿಯಲ್ಲಿ ಇತಿಹಾಸ, ಬರವಣಿಗೆ, ಬೇರೆ ವಿಜ್ಞಾನಗಳನ್ನೂ ಒಂದಿಷ್ಟು ಓದಲೇಬೇಕು. ಮುಖ್ಯ ವಿಷಯವನ್ನು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ತಿಳಿಸಿದರೆ ಸಾಕು. ಆ ಕಟ್ಟುಪಾಡಿಗಾಗಿ ಭೂವಿಜ್ಞಾನ ತೆಗೆದುಕೊಂಡವನು ಲೇಕ್ ಸುಪೀರಿಯರ್ ಬದಿಯ ಬೆಸಾಲ್ಟ್ ಬಂಡೆಗಳಲ್ಲಿ ಶುದ್ಧ ತಾಮ್ರದ ಎಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದ, ಅಲ್ಲೇ ನಿಂತುಬಿಟ್ಟ. ಇಲ್ಲಿಗೆ ಬಂದಿದ್ದರೆ ಅವನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಅಲ್ಲಿ ಮೊದಲ ವಾರದ ಹೋಂವರ್ಕಿನಿಂದಲೇ ಅಂಕಗಳು ಲೆಕ್ಕಕ್ಕೆ ಬರುತ್ತವೆ. ಇಲ್ಲಿ ಅನೇಕ ಕಡೆ ಮೊದಲ ವರ್ಷ ಪಾಸಾದರೆ ಸಾಕು, ಆಮೇಲಿನ ವಾರ್ಷಿಕ ಪರೀಕ್ಷೆಗಳೇ ಭಾರ.

ಹಣದ ಮಾತು. ಒಂದು ವರ್ಷ ಕಡಿಮೆಯಾದ್ದರಿಂದ ಇಂಗ್ಲೆಂಡ್ ಅಗ್ಗವೆನಿಸಬಹುದು. ಆದರೆ ಹೊರದೇಶದ ಪದವಿ ವಿದ್ಯಾರ್ಥಿಗಳಿಗೆ ಇಲ್ಲಿ ನೆರವು ಬಹಳ ಕಡಿಮೆ. ಎಂಐಟಿ, ಹಾರ್ವರ್ಡ್‌ನಂಥ ಕೆಲವೇ ಅಮೆರಿಕನ್ ಸಂಸ್ಥೆಗಳು ಮಾತ್ರ ಹೊರದೇಶದವರನ್ನೂ ಮನೆಯ ಆದಾಯ ನೋಡದೆ ಆರಿಸಿ, ಬೇಕಾದಷ್ಟು ನೆರವು ಕೊಡುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಓದು ಮುಗಿದ ಮೇಲೆ ಅಮೆರಿಕದಲ್ಲಿ ವಿಜ್ಞಾನ ಪದವೀಧರರು ಮೂರು ವರ್ಷದವರೆಗೆ ಕೆಲಸ ಮಾಡಬಹುದು. ಬ್ರಿಟನ್ನಿನ ಎರಡು ವರ್ಷ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಯಲಿದೆ.

ವಿಜ್ಞಾನವೆಲ್ಲ ಇಷ್ಟ, ಆದರೆ ಯಾವುದೆಂದು ಹೇಳಲಾರೆ ಎನ್ನುವ ಮಕ್ಕಳಿಗೆ ನಾನು ಎರಡು ಹೆಸರು ಹೇಳುತ್ತೇನೆ. ಕೇಂಬ್ರಿಡ್ಜಿನ ನ್ಯಾಚುರಲ್ ಸೈನ್ಸಸ್‌ನಲ್ಲಿ ಮೊದಲ ವರ್ಷ ಗಣಿತದ ಜೊತೆಗೆ ಮೂರು ವಿಜ್ಞಾನಗಳನ್ನು ಓದಿ, ಮುಂದೆ ಮೆಲ್ಲನೆ ಒಂದಕ್ಕೆ ಬರಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೋ, ಸೇಂಟ್ ಆಂಡ್ರೂಸ್‌ಗಳ ನಾಲ್ಕು ವರ್ಷದ ಪದವಿಯಲ್ಲಿ ಮೊದಲೆರಡು ವರ್ಷ ಬೇರೆ ವಿಷಯಗಳಿಗೂ ಜಾಗವಿದೆ.

ಬ್ರಿಟನ್ನಿಗೆ ಹಾಕುವವರು ಪಿಯುಸಿ ಅಂಕಗಳನ್ನು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಸಿಬಿಎಸ್‌ಇಗಿಂತ ರಾಜ್ಯ ಮಂಡಳಿಯವರಿಗೆ ಹೆಚ್ಚು ಅಂಕ ಕೇಳುವ ವಿಶ್ವವಿದ್ಯಾಲಯಗಳಿವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ 15 ಕಡೆಯ ದಿನ. ಆದ್ದರಿಂದ ಬರೆಯುವ ಕೆಲಸವನ್ನು ದಸರಾ ರಜೆಗೆಂದು ಇಟ್ಟುಕೊಳ್ಳಬೇಡಿ.