3ಡಿ ಸಾಫ್ಟ್‌ವೇರ್ ಇರುವಾಗ ಪ್ರೊಜೆಕ್ಷನ್ ಯಾಕೆ ಕಲೀಬೇಕು?

ಆರ್ಕಿಟೆಕ್ಚರ್ ಮೊದಲ ವರ್ಷದವರು ನನಗೆ ಪ್ರತಿ ಸಲ ಕೇಳುವ ಪ್ರಶ್ನೆ ಇದು. "ಸರ್, ಮೌಸ್ ತಿರುಗಿಸಿದರೆ ಇಡೀ ಮನೆಯೇ ತಿರುಗುತ್ತೆ. ಮತ್ತೆ ಈ ಡಿಸ್ಕ್ರಿಪ್ಟಿವ್ ಜಾಮೆಟ್ರಿ ಯಾಕೆ?"

ಪ್ರೊಜೆಕ್ಷನ್ ಅಂದರೆ ಮೂರು ಆಯಾಮದ ವಸ್ತುವನ್ನು ಚಪ್ಪಟೆ ಹಾಳೆಯ ಮೇಲೆ ಬರೆಯುವುದು; ಅದರ ಶಾಸ್ತ್ರವೇ ಡಿಸ್ಕ್ರಿಪ್ಟಿವ್ ಜಾಮೆಟ್ರಿ. ಯಾಕೆ ಬೇಕು ಅಂದರೆ ನಾನು ಒಂದು ತೊಲೆಯ ಕತೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ನಾಲ್ಕೂ ಕಡೆ ಇಳಿಜಾರಿನ ಹಂಚಿನ ಮನೆ. ಅಗಲ 6 ಮೀಟರ್, ಗೋಡೆಯಿಂದ ಮೇಲಕ್ಕೆ ಮಾಡಿನ ಎತ್ತರ 2 ಮೀಟರ್. ಮೂಲೆಯಿಂದ ನೆತ್ತಿಗೆ ಓರೆಯಾಗಿ ಏರುವ ತೊಲೆ ಎಷ್ಟುದ್ದ ಬೇಕು? ಎಲಿವೇಶನ್, ಅಂದರೆ ಮನೆ ಎದುರಿನಿಂದ ಕಾಣುವ ನಕ್ಷೆ, ಅದರ ಮೇಲೆ ಸ್ಕೇಲ್ ಇಟ್ಟು ಅಳೆದೆ. 3.6 ಮೀಟರ್. ಚೀಟಿ ಬರೆದು ಕೊಟ್ಟೆ.

ಆಚಾರಿ ಚೀಟಿ ನೋಡಿದರು. "ಇದು ಮೇಲೆ ಮುಟ್ಟಲ್ಲ ಸ್ವಾಮಿ" ಅಂದರು. ಸೀಮೆಸುಣ್ಣ ತೆಗೆದು ನೆಲದ ಮೇಲೆ ಅಗಲದ ಅರ್ಧ, ಅಂದರೆ 3 ಮೀಟರಿನ ಚೌಕ ಹಾಕಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದರು. 4.24. ಆ ಗೆರೆಯ ತುದಿಯಲ್ಲಿ ಗುನಿಯಾ (ಲಂಬಕೋನದ ಪಟ್ಟಿ) ಇಟ್ಟು 2 ಮೀಟರ್ ಗುರುತು ಮಾಡಿ, ಆಚೆ ತುದಿಯಿಂದ ಅಲ್ಲಿಗೆ ದಾರ ಹಿಡಿದರು. 4.69! ನನ್ನ ಲೆಕ್ಕದಲ್ಲಿ ಒಂದು ಮೀಟರಿಗೂ ಮಿಕ್ಕಿ ಕಮ್ಮಿ ಬಿದ್ದಿತ್ತು. ಸೂರಿನ ಚಾಚು ಬೇರೆ.

ಓರೆ ಗೆರೆ ಎಲಿವೇಶನ್‌ನಲ್ಲೂ ಗಿಡ್ಡ, ಮೇಲಿನಿಂದ ಕಾಣುವ ಪ್ಲಾನಿನಲ್ಲೂ ಗಿಡ್ಡ. ಎರಡನ್ನೂ ಜೋಡಿಸಿದಾಗಲೇ ನಿಜ ಉದ್ದ ಸಿಗುವುದು. ಆಚಾರಿ ನೆಲದ ಮೇಲೆ ಮಾಡಿದ್ದು ಅದನ್ನೇ.

ಕಲ್ಲು ಕೆತ್ತುವವರಿಗೂ ಮರಗೆಲಸದವರಿಗೂ ಇಂಥ ಉಪಾಯಗಳು ಮೊದಲೇ ಗೊತ್ತಿದ್ದವು. ಅವನ್ನೆಲ್ಲ ಡಿಸ್ಕ್ರಿಪ್ಟಿವ್ ಜಾಮೆಟ್ರಿ ಅನ್ನುವ ಒಂದು ಶಾಸ್ತ್ರವಾಗಿ ಕಟ್ಟಿದವನು ಫ್ರಾನ್ಸಿನ ಗಣಿತಜ್ಞ ಗ್ಯಾಸ್ಪಾರ್ ಮೊಂಜ್. ಮೆಝಿಯೇರ್‌ನ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲಿ ಅವನಿಗೆ ಕೋಟೆಗೋಡೆಯ ಲೆಕ್ಕ ಕೊಟ್ಟರು. ಎದುರಿನ ಗುಡ್ಡದಿಂದ ಹಾರಿಸಿದ ಗುಂಡು ಒಳಗಿನವರಿಗೆ ತಾಗದಂತೆ ಗೋಡೆ ಎಷ್ಟೆತ್ತರ ಇರಬೇಕು ಅನ್ನುವ ಲೆಕ್ಕ. ಉದ್ದುದ್ದ ಗುಣಾಕಾರ ಬಿಟ್ಟು ಗೆರೆ ಎಳೆದೇ ಉತ್ತರ ತೆಗೆದ. ಇಷ್ಟು ಬೇಗ ಆಗಲು ಸಾಧ್ಯವೇ ಇಲ್ಲ ಅಂತ ಅಧಿಕಾರಿ ಮೊದಲು ಅದನ್ನು ನೋಡಲೂ ಒಪ್ಪಲಿಲ್ಲವಂತೆ! ಆಮೇಲೆ ನೋಡಿದರೆ, ಸೇನೆಯ ಗುಟ್ಟು ಮಾಡಿ ಮುಚ್ಚಿಟ್ಟರು. ಬಹಿರಂಗವಾಗಿ ಪಾಠ ಮಾಡಲು ಅವನಿಗೆ ಅವಕಾಶ ಸಿಕ್ಕಿದ್ದು 1795ರಲ್ಲಿ, ಕ್ರಾಂತಿಯ ನಂತರ.

ಇದು ಬರೀ ಅಳತೆಯ ವಿಷಯವೂ ಅಲ್ಲ. ಸಿಡ್ನಿ ಒಪೆರಾ ಹೌಸ್‌ನ ವಿನ್ಯಾಸ ಸ್ಪರ್ಧೆಯನ್ನು ಡೆನ್ಮಾರ್ಕಿನ ಆರ್ಕಿಟೆಕ್ಟ್ ಯೋರ್ನ್ ಉಟ್ಜಾನ್ ಗೆದ್ದಿದ್ದು 1957ರಲ್ಲಿ. ಮಾಡಿನ ಚಿಪ್ಪುಗಳು ಕಾಗದದ ಮೇಲೆ ಚೆಂದ ಇದ್ದವು, ಆದರೆ ಒಂದರಂತೆ ಇನ್ನೊಂದಿಲ್ಲ. ಕಟ್ಟುವುದು ಹೇಗೆ? 1961ರಲ್ಲಿ ದಾರಿ ಸಿಕ್ಕಿತು. ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಲದಿಂದ ಎಲ್ಲ ಚಿಪ್ಪುಗಳನ್ನೂ ಕತ್ತರಿಸಿ ತೆಗೆಯುವುದು. ವಕ್ರತೆ ಒಂದೇ ಆದ್ದರಿಂದ ಅವೇ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಬಹುದಾಯಿತು. ಜಾಮೆಟ್ರಿಯಿಂದ ವಿನ್ಯಾಸವೇ ಬದಲಾಯಿತು, ಅಲ್ವಾ?

ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳಲ್ಲ. ಶಂಕು, ಸಿಲಿಂಡರ್ ಒಂದರೊಳಗೊಂದು ತೂರುವ ಹಾಳೆಗಳನ್ನು ಸುಮ್ನೆ ಹತ್ತು ಸಲ ಬರೆಸುವುದು ದಂಡ. ನನ್ನ ಕೈಲಿದ್ದರೆ ಅರ್ಧಕ್ಕರ್ಧ ತೆಗೆಯುತ್ತಿದ್ದೆ. ಆದರೆ ಸೈಟಿಗೆ ಹೋಗುವುದು ಇವತ್ತಿಗೂ ಚಪ್ಪಟೆ ಹಾಳೆಯೇ. ಅದರಲ್ಲಿ ಯಾವ ಗೆರೆ ಗಿಡ್ಡವಾಗಿದೆ ಅಂತ ಹೊಳೆಯದಿದ್ದರೆ ಸಾಫ್ಟ್‌ವೇರನ್ನು ಏನಂತ ಕೇಳುತ್ತೀರಿ?

ಹಾಗಾಗಿ ಮೊದಲ ವಾರ ರಟ್ಟಿನಲ್ಲಿ ಆ ಮನೆಯ ಮಾಡು ಮಾಡಲು ಕೊಡುತ್ತೇನೆ. ಕೈಯಲ್ಲಿ ಪ್ಲಾನು, ಎಲಿವೇಶನ್ನು ಮಾತ್ರ. ಹೆಚ್ಚಿನವರು ಎಲಿವೇಶನ್ ಅಳೆದೇ ಕತ್ತರಿಸುತ್ತಾರೆ. ಮೂಲೆಗಳು ಬಾಯಿ ಬಿಟ್ಟುಕೊಂಡು ಕೂತಾಗ ಸೀಮೆಸುಣ್ಣ ತೆಗೆಯುತ್ತೇನೆ.